ಗೂಡು ಸೇರಿದ ಬಲೆಯ ಎಳೆ: ಸಂಪಾದಕರ ಉತ್ತರ

ಮಾನ್ಯರೇ,

ಹಿಂದಿನ ಸಂಚಿಕೆಯಲ್ಲಿ ಕಡಲಹಕ್ಕಿಗಳ ಕುರಿತು ಬಂದ ಲೇಖನವನ್ನು ಓದಿ ಸುರಪುರದಿಂದ ತಾವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ: ಬಿಸಾಡಿದ ಬಲೆಯ ಹಗ್ಗವನ್ನು ಹಕ್ಕಿಗಳು ತಾವಾಗಿಯೇ ಗೂಡಿಗೆ ತರುವುದೇಕೆ? ಸಮುದ್ರವೇ ಇಲ್ಲದ ನಮ್ಮ ಸೀಮೆಗೆ ಈ ವಿಷಯವೇಕೆ?

ಮೊದಲ ಪ್ರಶ್ನೆಗೆ ಉತ್ತರ ಹಗ್ಗದ ಗುಣದಲ್ಲಿದೆ. ನೈಲಾನ್ ನೀರಿನಲ್ಲಿ ಮುಳುಗುತ್ತದೆ. ಆದರೆ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಹಗ್ಗಗಳು ನೀರಿಗಿಂತ ಹಗುರವಾದ್ದರಿಂದ ಕಡಲಪಾಚಿಯ ಜೊತೆಗೇ ತೇಲುತ್ತಿರುತ್ತವೆ. ಪಾಚಿಯನ್ನು ಆಯ್ದು ಗೂಡು ಕಟ್ಟುವ ಗ್ಯಾನೆಟ್ ಎಂಬ ಕಡಲಹಕ್ಕಿ, ಎಳೆ ಬಿಚ್ಚಿಕೊಂಡ ಹಗ್ಗವನ್ನೂ ಪಾಚಿಯೆಂದೇ ಎತ್ತಿಕೊಳ್ಳುತ್ತಿರಬೇಕು. ಗ್ಯಾನೆಟ್ ವರ್ಷವರ್ಷವೂ ಅದೇ ಗೂಡಿಗೆ ಮರಳುತ್ತದೆ. ಅಷ್ಟರಲ್ಲಿ ಪಾಚಿ ಕೊಳೆತುಹೋಗಿದ್ದರೂ ಹಗ್ಗ ಹಾಗೆಯೇ ಇರುತ್ತದೆ. ಬ್ರಿಟನ್ನಿನ ವೇಲ್ಸ್ ಕರಾವಳಿಯ ಗ್ರಾಸ್‌ಹೋಮ್ ದ್ವೀಪದ ಗೂಡುಗಳಲ್ಲಿ ತಲಾ ಸರಾಸರಿ 470 ಗ್ರಾಂ ಪ್ಲಾಸ್ಟಿಕ್ ಇದೆಯೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದರಲ್ಲಿ ಬಹುಪಾಲು ಹಗ್ಗವೇ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಮರಿಗಳ ಮೇಲೆ. ಮರಿ ಸುಮಾರು ಮೂರು ತಿಂಗಳು ಗೂಡಿನಲ್ಲೇ ಬೆಳೆಯುತ್ತದೆ. ಈ ಅವಧಿಯಲ್ಲಿ ಒಂದು ಎಳೆ ಕಾಲಿಗೆ ಸುತ್ತಿಕೊಂಡರೆ, ಕಾಲು ದಪ್ಪವಾದಂತೆಲ್ಲ ಅದು ಚರ್ಮವನ್ನು ಸೀಳಿ ಒಳಗಿಳಿಯುತ್ತದೆ. ನೆರೆಗೂಡಿನ ಮರಿಗಳೆಲ್ಲ ಹಾರಿಹೋದ ಮೇಲೂ ಈ ಮರಿ ಕಟ್ಟಿಹಾಕಿದಂತೆ ಅಲ್ಲೇ ಉಳಿದು, ಹಸಿದು ಸಾಯುತ್ತದೆ. ಆ ದ್ವೀಪದಲ್ಲಿ ವರ್ಷಕ್ಕೆ ಸರಾಸರಿ 63 ಹಕ್ಕಿಗಳು ಹೀಗೆ ಸಿಕ್ಕಿಬೀಳುತ್ತಿದ್ದವು. ಹತ್ತಾರು ಸಾವಿರ ಜೋಡಿಗಳಿರುವ ನೆಲೆ ಇಷ್ಟಕ್ಕೇ ಅಳಿಯುವುದಿಲ್ಲ, ನಿಜ. ಆದರೆ ಮನುಷ್ಯನ ಅಲಕ್ಷ್ಯದಿಂದಲೇ ಬರುವ ಇಂಥ ಸಾವನ್ನು ಲೆಕ್ಕಕ್ಕಿಲ್ಲವೆಂದು ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ನಮ್ಮ ಸೀಮೆ. ತಮ್ಮ ಊರಿಗೆ ಹತ್ತಿರದ ಬೋನಾಳ ಪಕ್ಷಿಧಾಮವನ್ನೂ ಕೃಷ್ಣೆ, ಭೀಮೆಯರ ದಡಗಳನ್ನೂ ನೆನೆಯಿರಿ. ನಮ್ಮ ಮೀನುಗಾರರು ಬಳಸುವುದೂ ಕೊಳೆಯದ ದಾರದ ಬಲೆಗಳನ್ನೇ. ಇಲ್ಲಿ ಅಪಾಯದ ಬಗೆ ಮಾತ್ರ ಬೇರೆ. ಹೊಳೆಯ ರೀವ (ರಿವರ್ ಟರ್ನ್) ಹಕ್ಕಿ ಗೂಡಿಗೆಂದು ಏನನ್ನೂ ಹೊತ್ತು ತರದೆ, ಬೇಸಿಗೆಯಲ್ಲಿ ನೀರಿಳಿದಾಗ ಮೇಲೇಳುವ ಮರಳುದಿಣ್ಣೆಯ ಸಣ್ಣ ಕುಳಿಯಲ್ಲಿ ಮೊಟ್ಟೆಯಿಡುತ್ತದೆ. ಹಾಗಾಗಿ ಅದೇ ಮರಳಿನಲ್ಲಿ ಬಿಟ್ಟುಹೋದ ಬಲೆಯ ತುಂಡು, ಓಡಾಡುವ ಮರಿಯ ಕಾಲಿಗೆ ನೇರವಾಗಿ ತೊಡರಬಲ್ಲದು.

ಹಕ್ಕಿ ಸಿಕ್ಕಿಕೊಂಡಿದ್ದರೆ ಎಳೆಯನ್ನು ಜಗ್ಗಬೇಡಿ, ಗಾಯ ದೊಡ್ಡದಾಗುತ್ತದೆ; ಅರಣ್ಯ ಇಲಾಖೆಯವರಿಗೆ ತಿಳಿಸಿ. ಮೊಟ್ಟೆ, ಮರಿಗಳಿರುವ ದಿಣ್ಣೆಯ ಮೇಲೆ ಓಡಾಡಿದರೆ ತಾಯಿಹಕ್ಕಿ ಎದ್ದುಹೋಗಿ, ಮೊಟ್ಟೆಗಳು ಸುಡುಬಿಸಿಲಿಗೆ ಬೀಳುತ್ತವೆ. ಗ್ರಾಸ್‌ಹೋಮ್‌ನಲ್ಲಿ ಎಳೆ ಕತ್ತರಿಸಿ ಮರಿಗಳನ್ನು ಬಿಡಿಸುವವರೂ ಮಿಕ್ಕ ಹಕ್ಕಿಗಳು ಬಹುಪಾಲು ಹಾರಿಹೋದ ಮೇಲೆಯೇ ದ್ವೀಪಕ್ಕೆ ಇಳಿಯುತ್ತಾರೆ. ನಮ್ಮಲ್ಲಿ ದಡದ ಬಲೆ ಚೂರುಗಳನ್ನು ಆಯುವ ಕೆಲಸ ಹಕ್ಕಿಗಳು ಮೊಟ್ಟೆಯಿಡುವ ಮೊದಲೇ, ಮೀನುಗಾರರನ್ನು ಜೊತೆಗೆ ಕರೆದುಕೊಂಡೇ ನಡೆಯಬೇಕು.

ಸಂಪಾದಕ
ಕಲಬುರಗಿ