ಡಯಾಲಿಸಿಸ್‌ನಲ್ಲಿರುವ ಅಪ್ಪನ ಎಸ್‌ಜಿಪಿಟಿ 12ರಿಂದ 33ಕ್ಕೆ ಏರಿದೆ, ರಿಪೋರ್ಟ್ ‘ನಾರ್ಮಲ್’ ಅನ್ನುತ್ತದೆ. ಅಮೈಲೇಸ್ 190, ಅದಕ್ಕೆ ಕೆಂಪು ಗುರುತು. ಹೊಟ್ಟೆನೋವಿಲ್ಲ. ಮೇದೋಜೀರಕಕ್ಕೆ ಏನಾದರೂ ಆಗಿದೆಯೇ?

ಮೇದೋಜೀರಕ ಆಮೇಲೆ. ಮೊದಲು ಆ 33 ನೋಡಿ. ಎಸ್‌ಜಿಪಿಟಿ ಯಕೃತ್ತಿನ ಕಿಣ್ವ, ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುತ್ತದೆ.

ಡಯಾಲಿಸಿಸ್ ಯೂನಿಟ್ಟಿನ ರಿಜಿಸ್ಟರಿನಲ್ಲಿ ಇಂಥವೇ ಅಂಕಿಗಳನ್ನು ನನ್ನ ಕೈಯಾರೆ ಬರೆದು, ನಾನೇ ಗಮನಿಸದೆ ಬಿಟ್ಟಿದ್ದೆ. 40 ದಾಟಿದರೆ ಮಾತ್ರ ಕೆಂಪು ಪೆನ್ನು. ಒಬ್ಬರದು ತಿಂಗಳಿಗೊಂದರಂತೆ 11, 13, 12, 29, 34. ಐದಕ್ಕೂ ಟಿಕ್ ಹಾಕಿದೆ. ಆರು ತಿಂಗಳಿಗೊಮ್ಮೆ ಮಾಡುವ ಪರೀಕ್ಷೆಯಲ್ಲಿ ಯಕೃತ್ತಿನ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. 29 ಬಂದಾಗಲೇ ಕೇಳಬೇಕಿತ್ತು.

ತಪ್ಪು ಎಲ್ಲಿತ್ತು ಅಂದರೆ, ಲ್ಯಾಬಿನ 40 ಆರೋಗ್ಯವಂತರ ಅಳತೆ. ಡಯಾಲಿಸಿಸ್ ರೋಗಿಗಳಲ್ಲಿ ಎಸ್‌ಜಿಪಿಟಿ, ಅದರ ಜೋಡಿ ಕಿಣ್ವ ಎಸ್‌ಜಿಒಟಿ ಎರಡೂ ಸಹಜವಾಗಿಯೇ ಕೆಳಗಿರುತ್ತವೆ. ಈ ಕಿಣ್ವಗಳು ಕೆಲಸ ಮಾಡಲು ಬಿ6 ಜೀವಸತ್ವ ಬೇಕು. ಅದು ನೀರಿನಲ್ಲಿ ಕರಗುವಂಥದ್ದು, ಡಯಾಲಿಸಿಸ್‌ನಲ್ಲಿ ತೊಳೆದು ಹೋಗುತ್ತದೆ. ಲ್ಯಾಬ್ ಅಳೆಯುವುದು ಕಿಣ್ವ ಎಷ್ಟಿದೆ ಎಂದಲ್ಲ, ಎಷ್ಟು ಕೆಲಸ ಮಾಡುತ್ತಿದೆ ಎಂದು. ಹಾಗಾಗಿ ಕಿಣ್ವ ಇದ್ದರೂ ಅಂಕಿ ತಗ್ಗುತ್ತದೆ. ಮೈಯಲ್ಲಿ ತುಂಬಿಕೊಂಡ ಎರಡು ಮೂರು ಲೀಟರ್ ನೀರೂ ರಕ್ತವನ್ನು ಸ್ವಲ್ಪ ತೆಳು ಮಾಡುತ್ತದೆ. ಇವರಲ್ಲಿ 25ರ ಆಸುಪಾಸು ದಾಟಿದರೇ ಅನುಮಾನಿಸಬೇಕು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸುಳಿವು ಅವರದೇ ಹಳೆಯ ಅಂಕಿ: ದುಪ್ಪಟ್ಟಾದರೆ ‘ನಾರ್ಮಲ್’ ಪದವನ್ನು ಮರೆತುಬಿಡಿ.

ಗಾಬರಿಗೆ ಮುಂಚೆ ಎರಡು ಸಂಗತಿ ಖಾತ್ರಿ ಮಾಡಿಕೊಳ್ಳಿ. ಎರಡೂ ಸಲ ರಕ್ತ ತೆಗೆದದ್ದು ಡಯಾಲಿಸಿಸ್‌ಗೆ ಮುಂಚೆಯೇ? ಮುಗಿದ ಮೇಲೆ ತೆಗೆದರೆ ನೀರು ಹೋಗಿ ರಕ್ತ ಗಟ್ಟಿಯಾಗಿರುತ್ತದೆ, ಹೋಲಿಸಲಾಗದು. ನಡುವೆ ಹೊಸ ಮಾತ್ರೆ ಶುರುವಾಗಿತ್ತೇ? ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಕ್ಷಯದ ಔಷಧಿಗಳು ಏರಿಸುತ್ತವೆ. ಬಿ ಕಾಂಪ್ಲೆಕ್ಸ್ ಕೂಡ ಏರಿಸಬಹುದು. ಅಲ್ಲಿ ಯಕೃತ್ತಿಗೆ ಏನೂ ಆಗಿರುವುದಿಲ್ಲ, ಕಿಣ್ವಕ್ಕೆ ಬಿ6 ಸಿಕ್ಕಿರುತ್ತದೆ ಅಷ್ಟೇ.

ಆದರೆ ಬಿ ಕಾಂಪ್ಲೆಕ್ಸ್ ಮೇಲೆ ಹಾಕಿ ಕೈತೊಳೆದುಕೊಳ್ಳಬೇಡಿ. ನೆಫ್ರಾಲಜಿಸ್ಟ್ ಬಳಿ ಈ ವಾರವೇ ಹೆಪಟೈಟಿಸ್ ಬಿ ಮೇಲ್ಮೈ ಆ್ಯಂಟಿಜೆನ್ ಮತ್ತು ವೈರಸ್ಸನ್ನೇ ನೇರವಾಗಿ ಹುಡುಕುವ ಹೆಪಟೈಟಿಸ್ ಸಿ ಆರ್‌ಎನ್‌ಎ ಪರೀಕ್ಷೆ ಕೇಳಿ. ಆ್ಯಂಟಿಬಾಡಿ ಪರೀಕ್ಷೆಯೊಂದೇ ಸಾಲದು, ಹೊಸ ಸೋಂಕಿನಲ್ಲಿ ಆ್ಯಂಟಿಬಾಡಿ ಕಾಣಿಸಲು ವಾರಗಳು ಹಿಡಿಯುತ್ತವೆ. ಹೆಪಟೈಟಿಸ್ ಸಿ ಆಗಿದ್ದರೂ ಡಯಾಲಿಸಿಸ್ ನಡೆಯುತ್ತಿರುವಾಗಲೇ ಮಾತ್ರೆಗಳಲ್ಲಿ ವಾಸಿ ಮಾಡಬಹುದು. ಯೂನಿಟ್ಟಿನವರಿಗೂ ತಿಳಿಸಿ, ಅಲ್ಲಿ ಜತೆಗೆ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನೂ ಪರೀಕ್ಷಿಸಬೇಕಾಗುತ್ತದೆ.

ಇನ್ನು 190. ಮೇದೋಜೀರಕದಲ್ಲೂ ತಯಾರಾಗುವ ಜೀರ್ಣಕಿಣ್ವ ಅಮೈಲೇಸ್ ಭಾಗಶಃ ಹೊರಹೋಗುವುದು ಮೂತ್ರಪಿಂಡದ ಮೂಲಕ. ಆ ದಾರಿ ಮುಚ್ಚಿದಾಗ ಮಿತಿಯ ಎರಡು ಮೂರು ಪಟ್ಟು ಇರುವುದು ಮಾಮೂಲು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾಯುವ ನೋವು, ವಾಂತಿ ಇದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ. ಮೇದೋಜೀರಕದ ಇನ್ನೊಂದು ಕಿಣ್ವ ಲೈಪೇಸ್‌ನ ಪರೀಕ್ಷೆ ಮಾಡಿಸುವುದಾದರೆ, ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್‌ಗೆ ಮುಂಚೆಯೇ ರಕ್ತ ತೆಗೆಸಿ, ಹೆಪಾರಿನ್ ಆ ಅಂಕಿಯನ್ನು ಏರಿಸುತ್ತದೆ. ನಿಮ್ಮವರದು ಹೊಟ್ಟೆಯ ಡಯಾಲಿಸಿಸ್ ಆಗಿದ್ದು ಐಕೊಡೆಕ್ಸ್‌ಟ್ರಿನ್ ದ್ರಾವಣ ಬಳಸುತ್ತಿದ್ದರೆ ಲೆಕ್ಕ ತಲೆಕೆಳಗು. ಅದು ಅಮೈಲೇಸ್ ಅಂಕಿಯನ್ನು ಸುಳ್ಳೇ ತಗ್ಗಿಸುತ್ತದೆ, ಅಂಥವರಲ್ಲಿ 190 ಬಂದರೆ ನಾನು ಹಗುರವಾಗಿ ಬಿಡುವುದಿಲ್ಲ.