ಹಿಮ ಬೀಳುವ ನಾಡಿನ ಅಭಯಾರಣ್ಯದಲ್ಲಿ ಚಳಿಗಾಲದಲ್ಲಿ ಸುತ್ತಾಡಿದರೆ ಪ್ರಾಣಿಗಳು ಕಾಣುತ್ತವಾ, ಇಲ್ಲ ಎಲ್ಲವೂ ಮಲಗಿಬಿಟ್ಟಿರುತ್ತವಾ?

ಮಲಗುವುದು ಕೆಲವು ಮಾತ್ರ. ಕರಡಿ ಗುಹೆ ಸೇರಿರುತ್ತದೆ, ನೆಲದಲ್ಲಿ ಬಿಲ ತೋಡುವ ಅಳಿಲು ಒಳಗೇ ಇರುತ್ತದೆ. ಜಿಂಕೆ, ನರಿ, ಮೊಲ, ಮರದ ಅಳಿಲು, ಗೂಬೆ ಇವೆಲ್ಲ ಹಿಮ ಬಿದ್ದರೂ ಓಡಾಡಿಕೊಂಡೇ ಇರುತ್ತವೆ. ಎಲೆ ಉದುರಿರುವುದರಿಂದ ಕಣ್ಣಿಗೆ ಅಡ್ಡ ಬರುವುದೂ ಕಡಿಮೆ. ನನಗಂತೂ ಬೇಸಿಗೆಗಿಂತ ಚಳಿಗಾಲವೇ ಇಷ್ಟ. ಸೊಳ್ಳೆ ಕಾಟವೂ ಇಲ್ಲ ನೋಡಿ.

ಆದರೆ ಪ್ರಾಣಿಯನ್ನೇ ನೋಡಬೇಕು ಅಂತ ಹಟ ಹಿಡಿದು ಹೋಗಬೇಡಿ. ಅದು ಬಿಟ್ಟುಹೋದ ಗುರುತು ಹುಡುಕಿ. ಹೊಸ ಹಿಮ ಬಿದ್ದ ಮರುದಿನ ಬೆಳಿಗ್ಗೆ ಹೋದರೆ ರಾತ್ರಿ ನಡೆದದ್ದೆಲ್ಲ ನೆಲದ ಮೇಲೆ ಇರುತ್ತದೆ. ನರಿಯ ಹೆಜ್ಜೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಸಾಗುತ್ತದೆ. ನಾಯಿಯದ್ದು ಅತ್ತಿತ್ತ ಅಲೆದಾಡುತ್ತದೆ. ಮೊಲ ಕುಪ್ಪಳಿಸಿದಾಗ ದೊಡ್ಡ ಹಿಂಗಾಲು ಮುಂಗಾಲಿಗಿಂತ ಮುಂದೆ ಬೀಳುತ್ತದೆ. ಹಾಗಾಗಿ ಅದು ಯಾವ ಕಡೆ ಹೋಯಿತು ಅನ್ನುವುದನ್ನೇ ಮೊದಮೊದಲು ಉಲ್ಟಾ ಓದಿಬಿಡುವವರು ಜಾಸ್ತಿ.

ಪೊದೆಗಳ ಹತ್ತಿರ ಬಗ್ಗಿ ಕಡ್ಡಿಗಳ ತುದಿ ನೋಡಿ. ಚಾಕುವಿನಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ನುಣ್ಣಗಿದ್ದರೆ ಅದು ಮೊಲದ ಕೆಲಸ. ಹರಿದು ಸಿಬಿರು ಸಿಬಿರಾಗಿದ್ದರೆ ಜಿಂಕೆಯದ್ದು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲೇ ಇಲ್ಲ. ಕತ್ತರಿಸಲು ಆಗದೆ ಕಚ್ಚಿ ಎಳೆಯುತ್ತದೆ. ಅಲ್ಲೇ ಸುತ್ತ ಹುಡುಕಿದರೆ ಅದು ಮಲಗಿದ್ದ ಜಾಗವೂ ಸಿಗಬಹುದು. ಮೈಯ ಬಿಸಿಗೆ ಹಿಮ ಕರಗಿ ಕುಸಿದು ಮೊಟ್ಟೆಯಾಕಾರದ ತಗ್ಗಾಗಿರುತ್ತದೆ. ಒಂದೆರಡು ಕೂದಲೂ ಅಂಟಿಕೊಂಡಿರುತ್ತವೆ.

ಬಯಲಿನಲ್ಲಿ ನರಿಯೊಂದು ತಲೆ ಓರೆ ಮಾಡಿ ಅಲ್ಲಾಡದೆ ನಿಂತಿದ್ದರೆ ನೀವೂ ನಿಂತುಬಿಡಿ. ಹಿಮದಡಿ ಓಡಾಡುವ ಇಲಿಯ ಸದ್ದನ್ನು ಅದು ಕೇಳಿಸಿಕೊಳ್ಳುತ್ತಿದೆ. ಆಮೇಲೆ ಛಂಗನೆ ಮೇಲೆ ಹಾರಿ ಮೂತಿ ಮುಂದೆ ಮಾಡಿ ಹಿಮದೊಳಗೆ ಧುಮುಕುತ್ತದೆ. ಎಷ್ಟೋ ಸಲ ಬರಿಗೈ, ಅಂದರೆ ಬರಿಬಾಯಿ!

ಹಕ್ಕಿಗಳ ವಿಷಯಕ್ಕೆ ಬಂದರೆ, ತುಂಬಾ ಹೊತ್ತು ಏನೂ ಕಾಣುವುದಿಲ್ಲ, ಆಮೇಲೆ ಒಂದೇ ಮರದಲ್ಲಿ ಹತ್ತಾರು. ಚಳಿಗಾಲದಲ್ಲಿ ಪುಟ್ಟ ಹಕ್ಕಿಗಳು, ಮರಕುಟಿಗಗಳು ಬೇರೆ ಬೇರೆ ಜಾತಿಯಾದರೂ ಒಟ್ಟಿಗೆ ತಿರುಗುತ್ತವೆ. ಕಿಚಿಪಿಚಿ ಕೇಳಿಸಿದ ಕಡೆ ಕಾದರೆ ಸಾಕು. ಹೆಪ್ಪುಗಟ್ಟದ ನೀರು ಎಲ್ಲಾದರೂ ಇದ್ದರೆ ಬಾತುಕೋಳಿಗಳೂ ಅಲ್ಲಿಗೇ ಬಂದು ಸೇರಿರುತ್ತವೆ, ಅವುಗಳ ಹಿಂದೆ ಹದ್ದೂ ಬರಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಫೋಟೊಗೋಸ್ಕರ ಹತ್ತಿರ ಹೋಗಿ ಓಡಿಸಬೇಡಿ. ಮೇವು ಕಡಿಮೆ ಇರುವ ಕಾಲದಲ್ಲಿ ಜಿಂಕೆ ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ದಿನ ದೂಡುತ್ತಿರುತ್ತದೆ. ಆಳವಾದ ಹಿಮದಲ್ಲಿ ಸುಮ್ನೆ ಓಡಿಸಿದರೆ ಅದೇ ಖರ್ಚಾಗುತ್ತದೆ. ನಿಮ್ಮನ್ನು ನೋಡಿ ಮೇಯುವುದು ನಿಲ್ಲಿಸಿ ತಲೆ ಎತ್ತಿತು ಅಂದರೆ ಆಗಲೇ ಹತ್ತಿರವಾಯಿತು, ಹಿಂದೆ ಸರಿಯಿರಿ. ದಾರಿ ಬಿಟ್ಟು ಇಳಿಯಲೂ ಬೇಡಿ.

ಬೈನಾಕ್ಯುಲರ್ ಮರೆಯಬೇಡಿ. ಸರಬರ ಸದ್ದು ಮಾಡುವ ನೈಲಾನ್ ಜಾಕೆಟ್ ಬಿಟ್ಟು ಉಣ್ಣೆಯದ್ದು ಹಾಕಿಕೊಳ್ಳಿ. ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.