ಬೀಗರ ಊರು ವಾರ್ಸಾ

ಪ್ರಶ್ನೆ: ನಮ್ಮ ಸೊಸೆ ಪೋಲೆಂಡಿನವಳು. ಜೂನ್‌ನಲ್ಲಿ ವಾರ್ಸಾದ ಬೀಗರ ಮನೆಗೆ ಹೋಗುತ್ತಿದ್ದೇವೆ. ಸುತ್ತಾಡಲು ಸಿಗುವುದು ಒಂದು ಭಾನುವಾರ ಮಾತ್ರ. ನನಗೆ ಮಂಡಿನೋವು ಬೇರೆ. ಏನು ನೋಡಬಹುದು?

ಉತ್ತರ: ಭಾನುವಾರವೇ ಸಿಕ್ಕಿತಲ್ಲ, ಅದೃಷ್ಟ ಬಿಡಿ! ಬೆಳಿಗ್ಗೆ ವಾರ್ಸಾದ ಹಳೇ ಊರಿಗೆ (ಓಲ್ಡ್ ಟೌನ್) ಹೋಗಿ. ಅಲ್ಲಿನ ಮನೆಗಳು ನಿಜಕ್ಕೂ ಹಳೆಯವಲ್ಲ ಅಂದರೆ ನಂಬುತ್ತೀರಾ? 1944ರಲ್ಲಿ ನಾಜಿಗಳು ಎಲ್ಲವನ್ನೂ ನೆಲಸಮ ಮಾಡಿದ್ದರು. ಯುದ್ಧ ಮುಗಿದ ಮೇಲೆ ಜನ ಅವಶೇಷದಿಂದ ಇಟ್ಟಿಗೆ ಆರಿಸಿ ಮತ್ತೆ ಕಟ್ಟಿದರು. ಹದಿನೆಂಟನೇ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಇಟಲಿಯ ಕಲಾವಿದ ಬರೆದ ಚಿತ್ರಗಳೂ ಅದಕ್ಕೆ ನೆರವಾದವು. ಆ ಚಿತ್ರಗಳು ಪಕ್ಕದ ರಾಜರ ಅರಮನೆಯಲ್ಲೇ (ರಾಯಲ್ ಕ್ಯಾಸಲ್) ಇವೆ. ಅವನ್ನು ಮೊದಲು ನೋಡಿ, ಆಮೇಲೆ ಬೀದಿಗೆ ಬನ್ನಿ. ನೆಲವೆಲ್ಲ ಉಬ್ಬುತಗ್ಗಿನ ಕಲ್ಲುಹಾಸು, ಮೆತ್ತನೆ ಶೂ ಇರಲಿ.

ಸಂಜೆ ನಾಲ್ಕಕ್ಕೆ ವಾಝಿಯೆಂಕಿ ಪಾರ್ಕ್. ಅಲ್ಲಿ ಪೋಲೆಂಡಿನ ಹೆಸರಾಂತ ಸಂಗೀತ ರಚನೆಕಾರ ಶೋಪಾನ್ ಪ್ರತಿಮೆಯ ಬುಡದಲ್ಲಿ ಬೇಸಿಗೆಯ ಭಾನುವಾರಗಳಲ್ಲಿ ಪಿಯಾನೋ ಕಛೇರಿ, ಟಿಕೆಟ್ ಇಲ್ಲ. ಸುತ್ತ ಗುಲಾಬಿ, ಹುಲ್ಲಿನ ಮೇಲೆ ಮಲಗಿ ಕೇಳುವ ಜನ. ಬೆಂಚ್ ಬೇಕಾದರೆ ಸ್ವಲ್ಪ ಮುಂಚೆ ಹೋಗಿ.

ಊರನ್ನು ಮೇಲಿಂದ ನೋಡಬೇಕೆಂದರೆ, ಸಂಸ್ಕೃತಿ ಅರಮನೆ (ಪ್ಯಾಲೇಸ್ ಆಫ್ ಕಲ್ಚರ್) ಎಂಬ ಎತ್ತರದ ಕಟ್ಟಡದ 30ನೇ ಮಹಡಿಗೆ ಲಿಫ್ಟ್ ಇದೆ, ಮಂಡಿಗೆ ತೊಂದರೆಯಿಲ್ಲ. ಆದರೆ ಅದು ಸ್ಟಾಲಿನ್ ಕಾಲದ ಸೋವಿಯತ್ ಉಡುಗೊರೆ. ಬೀಗರು ಮೂಗು ಮುರಿದರೆ ಬಲವಂತ ಬೇಡ.

ಅಂದಹಾಗೆ, ಬೀಗಿತ್ತಿಗೆ ಹೂ ಒಯ್ಯುವುದಾದರೆ ಬೆಸ ಸಂಖ್ಯೆಯಲ್ಲಿರಲಿ. ಸಮಸಂಖ್ಯೆ ಅಲ್ಲಿ ಸಾವಿನ ಮನೆಗೆ. ಸೇವಂತಿಗೆಯಂತೂ ಬೇಡವೇ ಬೇಡ, ಅದು ಸಮಾಧಿಯ ಹೂ.